ಹೆಸರು ಹಿಡಿದು ಹದಿನಾರು ಸಲ

ಆಫ್ ಮಾಡಿದ ಕಂಪ್ಯೂಟರಿನ ಹಿಂಬದಿ ನೋಡಿ, ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗದಲ್ಲಿ ಎಷ್ಟೋ ಸಲ ಪುಟ್ಟದೊಂದು ದೀಪ ಉರಿಯುತ್ತಲೇ ಇರುತ್ತದೆ. ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತು ಪವರ್ ಸಪ್ಲೈ 5 ವೋಲ್ಟಿನ ಒಂದು ಎಳೆಯನ್ನು ಜೀವಂತ ಇಟ್ಟಿರುತ್ತದೆ. ಆ ಎಳೆ ಹಿಡಿದು ನೆಟ್‌ವರ್ಕ್ ಕಾರ್ಡ್ ಒಂದೇ ಒಂದು ಕರೆಗಾಗಿ ಕಾಯುತ್ತದೆ. ಆ ಕರೆಯನ್ನು ಕಳಿಸುವುದಷ್ಟೇ 'ವೇಕ್ಆನ್‌ಲ್ಯಾನ್' ಎಂಬ ಪರ್ಲ್ ಪ್ರೋಗ್ರಾಮಿನ ಕೆಲಸ. ಲಿನಕ್ಸ್ ಬಳಸುವ ನಾನು ಬಹುಕಾಲದಿಂದ ನೆಚ್ಚಿಕೊಂಡಿರುವ ಉಪಕರಣ ಇದು.

ಕರೆಯ ರೂಪವನ್ನು ಎಎಂಡಿ ಕಂಪನಿ 1995ರಲ್ಲಿ 'ಮ್ಯಾಜಿಕ್ ಪ್ಯಾಕೆಟ್' ಎಂಬ ಹೆಸರಿನಲ್ಲಿ ಬರೆದಿಟ್ಟಿತು. ಮೊದಲ 6 ಬೈಟುಗಳಲ್ಲಿ ಪ್ರತಿ ಬಿಟ್ಟೂ ಒಂದು. ಆಮೇಲೆ ಎಬ್ಬಿಸಬೇಕಾದ ಕಾರ್ಡಿನ ಮ್ಯಾಕ್ ವಿಳಾಸ, ಒಂದರ ಹಿಂದೊಂದು 16 ಸಲ. ಒಟ್ಟು 102 ಬೈಟ್. ಇಷ್ಟು ಸಲ ಏಕೆ ಎಂದು ಯೋಚಿಸಿದಾಗಲೇ ಇದರ ಜಾಣತನ ಹೊಳೆಯುವುದು. ಕಾರ್ಡಿಗೆ ಆಗ ಪ್ರೊಸೆಸರ್ ಇಲ್ಲ, ಆಪರೇಟಿಂಗ್ ಸಿಸ್ಟಂ ಇಲ್ಲ, ಬಂದ ಮಾತನ್ನು ಬಿಡಿಸಿ ಓದುವ ಶಕ್ತಿಯೂ ಇಲ್ಲ. ತನ್ನ ಹೆಸರು ಆ ಲಯದಲ್ಲಿ ಹಾದುಹೋಯಿತೇ ಎಂದು ಕಿವಿಗೊಡುವುದಷ್ಟೇ ಸಾಧ್ಯ. ಬೇರೆ ಯಾವುದೋ ಮಾತಿನ ನಡುವೆ ಆಕಸ್ಮಿಕವಾಗಿ ಅದೇ ಹೆಸರು 16 ಸಲ ಬರುವ ಸಂಭವ ಇಲ್ಲವೆಂದೇ ಹೇಳಬೇಕು.

ಮಲಗಿರುವ ಯಂತ್ರಕ್ಕೆ ಸಾಮಾನ್ಯವಾಗಿ ಐಪಿ ವಿಳಾಸವೂ ಇರುವುದಿಲ್ಲ. ಹಾಗಾಗಿ ಉಪಕರಣ 255.255.255.255ಕ್ಕೆ, ಎಂದರೆ ಇಡೀ ಓಣಿಗೆ ಕೇಳುವಂತೆ, ಯುಡಿಪಿಯ 9ನೇ ಪೋರ್ಟಿನಲ್ಲಿ ಕೂಗುತ್ತದೆ. ಹೆಸರಿನವರು ಏಳುತ್ತಾರೆ, ಉಳಿದವರು ಮಗ್ಗುಲೂ ಬದಲಿಸುವುದಿಲ್ಲ. ಇದೇ ಕೆಲಸಕ್ಕೆ ಡೊನಾಲ್ಡ್ ಬೆಕರ್ ಬರೆದ 'ಈಥರ್‌ವೇಕ್' ಕೂಡ ಇದೆ. ಅದು ನೇರ ಈಥರ್ನೆಟ್ ಫ್ರೇಮ್ ಕಳಿಸುವುದರಿಂದ ರೂಟ್ ಅಧಿಕಾರ ಕೇಳುತ್ತದೆ. ವೇಕ್ಆನ್‌ಲ್ಯಾನ್ ಕೇಳುವುದಿಲ್ಲ. ಲ್ಯಾಬಿನ ಎಲ್ಲ ಯಂತ್ರಗಳ ವಿಳಾಸಗಳನ್ನು ಒಂದು ಫೈಲಿನಲ್ಲಿ ಬರೆದುಕೊಟ್ಟರೆ ಬೆಳಗಿನ ಕ್ಲಾಸಿಗೆ ಮುಂಚೆ ಸಾಲಾಗಿ ಎಬ್ಬಿಸುತ್ತದೆ. ನನ್ನ ಮೆಚ್ಚುಗೆ ಇದಕ್ಕೇ.

ತಕರಾರೂ ಇದೆ. ಪ್ಯಾಕೆಟ್ ಕಳಿಸುತ್ತಿದ್ದೇನೆ ಎಂದು ತೆರೆಯ ಮೇಲೆ ಬರೆದು ಅದು ಮುಗಿಸಿಬಿಡುತ್ತದೆ. ಎದುರು ಕಡೆ ಎದ್ದರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಓಗೊಡುವ ವ್ಯವಸ್ಥೆ ಮ್ಯಾಜಿಕ್ ಪ್ಯಾಕೆಟ್ಟಿನಲ್ಲಿಯೇ ಇಲ್ಲ, ನಿಜ. ಆದರೆ ಒಂದು ನಿಮಿಷ ಕಾದು ಪಿಂಗ್ ಮಾಡಿ ನೋಡುವ ಆಯ್ಕೆಯನ್ನಾದರೂ ಕೊಡಬಹುದಿತ್ತು. ಏಕೆಂದರೆ ಏಳದಿದ್ದಾಗ ಹುಡುಕಬೇಕಾದ ಕಾರಣಗಳು ಒಂದೆರಡಲ್ಲ. ಬಯಾಸ್‌ನಲ್ಲಿ ವಿದ್ಯುತ್ ಉಳಿಸುವ 'ಇಆರ್‌ಪಿ' ಆಯ್ಕೆ ಆ 5 ವೋಲ್ಟನ್ನೇ ಕತ್ತರಿಸಿರಬಹುದು. ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಅಡ್ಡ ಬಂದಿರಬಹುದು. ಲಿನಕ್ಸ್‌ನಲ್ಲಿ 'ಇಥ್‌ಟೂಲ್' ಮೂಲಕ ಹಾಕಿದ ಸೆಟ್ಟಿಂಗ್ ರೀಬೂಟ್ ಆದ ಮೇಲೆ ಅಳಿಸಿಹೋಗಿರಬಹುದು. ಹೊಸಬರು ಇವನ್ನೆಲ್ಲ ಬಿಟ್ಟು ಉಪಕರಣವನ್ನೇ ಶಂಕಿಸಿ ಕಮಾಂಡನ್ನು ಮತ್ತೆ ಮತ್ತೆ ಒತ್ತುತ್ತಾರೆ. ನಾನೂ ಹಾಗೆ ಒಂದು ಇಡೀ ಸಂಜೆ ಕಳೆದಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಕರೆಂಟು. ಹೋಗಿ ಬಂದ ಮೇಲೆ ನನ್ನ ಯಂತ್ರದ ಕಾರ್ಡ್ ಕಿವುಡಾಗುತ್ತಿತ್ತು. ಒಂದು ಸಲ ಗುಂಡಿ ಒತ್ತಿ ಬೂಟ್ ಮಾಡಿ, ಮತ್ತೆ ಆಫ್ ಮಾಡಿದರೆ ಮಾತ್ರ ಅದಕ್ಕೆ ಕರೆ ಕೇಳುತ್ತಿತ್ತು. ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುವ ಆಯ್ಕೆಯನ್ನು ಬಯಾಸ್‌ನಲ್ಲಿ ಹಾಕಿದ ಮೇಲೆ ಆ ಕಾಟ ತಪ್ಪಿತು. ಊರಿಂದೂರಿಗೆ ಹೋಗಿ ಮನೆಯ ಯಂತ್ರ ಎಬ್ಬಿಸುವವರು ಮೊದಲು ನೋಡಿಕೊಳ್ಳಬೇಕಾದದ್ದು ಇದನ್ನು.

ಊರಾಚೆಯಿಂದ ನೇರ ಕೂಗಲು ರೌಟರುಗಳೂ ಬಿಡುವುದಿಲ್ಲ. ಇಂಥ ಓಣಿ-ಕೂಗುಗಳನ್ನು ದುರುಪಯೋಗಪಡಿಸಿ ನೆಟ್‌ವರ್ಕ್ ಮುಳುಗಿಸುವ ದಾಳಿಗಳು ನಡೆದದ್ದರಿಂದ, ಅವನ್ನು ದಾಟಿಸಬಾರದೆಂಬುದು 1999ರಿಂದ ನಿಯಮ. ಈ ತಡೆ ಸರಿಯಾದದ್ದೇ. ಪೋರ್ಟ್ ತೆರೆದಿಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮನೆಯೊಳಗೆ ಸದಾ ಎಚ್ಚರವಿರುವ ಒಂದು ರಾಸ್ಪ್‌ಬೆರಿ ಪೈ ಇಟ್ಟು, ಅದಕ್ಕೆ ಲಾಗಿನ್ ಆಗಿ ಅದರಿಂದಲೇ ಕೂಗಿಸುವುದು ಮೇಲು. ನನ್ನ ದೊಡ್ಡ ಯಂತ್ರ ಈಗ ರಾತ್ರಿಯಿಡೀ ಉರಿಯುವುದಿಲ್ಲ. ಬೇಕಾದಾಗ ಕರೆಯುತ್ತೇನೆ, ಪಿಂಗ್ ಹಾಕಿ ಕಾಯುತ್ತೇನೆ. ಮೊದಲ ಉತ್ತರ ಬರುವವರೆಗಿನ ಆ ಅರೆ ನಿಮಿಷದಲ್ಲಿ ಪ್ರತಿ ಸಲವೂ ಸ್ವಲ್ಪ ಆತಂಕವಾಗುತ್ತದೆ.