ಉಪಸರ್ಗ ಬಲ್ಲವರಿಗೆ ಇಂಗ್ಲಿಷ್ ಸಲೀಸು

ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿ ಉರುಹೊಡೆಯುವವರಿಗೆ ನನ್ನ ಸಲಹೆ ಇಷ್ಟೆ: ಮೊದಲು ಹೈಸ್ಕೂಲಿನ ಕನ್ನಡ ವ್ಯಾಕರಣವನ್ನು ನೆನಪಿಸಿಕೊಳ್ಳಿ. ‘ಹಾರ’ಕ್ಕೆ ಮೊದಲು ಪ್ರ ಎಂಬ ಉಪಸರ್ಗ ಬಂದರೆ ಪ್ರಹಾರ, ವಿ ಬಂದರೆ ವಿಹಾರ, ಸಂ ಬಂದರೆ ಸಂಹಾರ. ಇಂಗ್ಲಿಷಿನ ಪ್ರಿಫಿಕ್ಸ್ ಮಾಡುವುದೂ ಇದನ್ನೇ. ಲ್ಯಾಟಿನ್ ಮೂಲದ ‘ಪೋರ್ಟ್’ ಎಂದರೆ ಹೊರು, ಒಯ್ಯು. ಹೊರಗೆ ಒಯ್ದರೆ ಎಕ್ಸ್‌ಪೋರ್ಟ್, ಒಳಗೆ ತಂದರೆ ಇಂಪೋರ್ಟ್.

ನಿಜವಾದ ರುಚಿ ಸಿಗುವುದು ಆಸ್ಪತ್ರೆಯ ರಿಪೋರ್ಟಿನಲ್ಲಿ. ಅಲ್ಲಿನ ಪದಗಳಲ್ಲಿ ಬಹುಪಾಲು ಗ್ರೀಕ್. ಆ ಗ್ರೀಕಿನ ‘ಹೈಪರ್’ ನಮ್ಮ ‘ಉಪರಿ’ಗೆ ದಾಯಾದಿ, ‘ಹೈಪೋ’ ನಮ್ಮ ‘ಉಪ’ಕ್ಕೆ. ಒಂದು ಮೇಲೆ, ಇನ್ನೊಂದು ಕೆಳಗೆ. ಥೈರಾಯ್ಡ್ ಹೆಚ್ಚು ಕೆಲಸ ಮಾಡಿದರೆ ಹೈಪರ್‌ಥೈರಾಯ್ಡಿಸಮ್, ಕಡಿಮೆಯಾದರೆ ಹೈಪೋಥೈರಾಯ್ಡಿಸಮ್. ಕೇಳಲು ಅಕ್ಕಪಕ್ಕ, ಚಿಕಿತ್ಸೆ ಮಾತ್ರ ತದ್ವಿರುದ್ಧ. ‘ಡಿಸೆಂಟರಿ’ಯನ್ನು ಬಿಡಿಸಿದರೆ ಡಿಸ್ ಮತ್ತು ಎಂಟೆರಾನ್, ಮೊದಲನೆಯದು ನಮ್ಮ ‘ದುಸ್’, ಎರಡನೆಯದು ‘ಆಂತ್ರ’, ಅಂದರೆ ಕರುಳು. ಕೆಟ್ಟ ಕರುಳೇ ಡಿಸೆಂಟರಿ!

ನಿಷೇಧದ ‘ಅ’ ಇನ್ನೂ ಸೊಗಸು. ಸ್ವರಕ್ಕೆ ಮೊದಲು ಅದು ‘ಅನ್’ ಆಗುತ್ತದೆ. ನಮ್ಮಲ್ಲಿ ಅನರ್ಥ, ಅನಂತ. ಗ್ರೀಕಿನಲ್ಲಿ ಅನಾರ್ಕಿ, ಅನೀಮಿಯಾ. ವ್ಯಂಜನಕ್ಕೆ ಮೊದಲು ಬರೀ ‘ಅ’: ಆಟಮ್. ‘ಟಾಮ್’ ಎಂದರೆ ಕತ್ತರಿಸು, ಹಾಗಾಗಿ ಆಟಮ್ ಎಂದರೆ ಕತ್ತರಿಸಲಾಗದ್ದು. ಅಪೆಂಡಿಕ್ಸ್ ಕತ್ತರಿಸಿ ತೆಗೆಯುವ ಅಪೆಂಡೆಕ್ಟಮಿಯ ಕೊನೆಯಲ್ಲಿರುವುದೂ ಅದೇ ಧಾತು. ಲ್ಯಾಟಿನ್ನಿನಲ್ಲಿ ಈ ನಿಷೇಧ ‘ಇನ್’ ಆಗಿ, ಸಂಧಿಗೊಂಡು ಇಂಪಾಸಿಬಲ್, ಇಲ್ಲೀಗಲ್, ಇರ್‍ರೆಗ್ಯುಲರ್ ಎಂದು ರೂಪ ಬದಲಿಸುತ್ತದೆ. ಇಮ್ಮಾರ್ಟಲ್ ಮತ್ತು ಅಮೃತ ಎರಡೂ ಒಂದೇ ಬೇರಿನವು.

ಈ ಹೋಲಿಕೆ ಕಾಕತಾಳೀಯವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದರು. ಕನ್ನಡ ದ್ರಾವಿಡ ಕುಲದ್ದಾದರೂ ಸಂಸ್ಕೃತದಿಂದ ಪಡೆದ ಪದಗಳಿಂದಾಗಿ ಈ ನಂಟಿನ ಲಾಭ ನಮಗೂ ಇದೆ.

ಆದರೆ ಎಲ್ಲ ‘ಇನ್’ ನಿಷೇಧವಲ್ಲ. ಪೆಟ್ರೋಲ್ ಟ್ಯಾಂಕರಿನ ಬೆನ್ನ ಮೇಲಿನ ‘ಇನ್‌ಫ್ಲೇಮಬಲ್’ಗೆ ಉರಿಯದ್ದು ಎಂದು ಅರ್ಥ ಮಾಡಿ ಪಕ್ಕದಲ್ಲೇ ಬೀಡಿ ಹಚ್ಚಿದರೆ ಮುಗಿಯಿತು, ಅದರರ್ಥ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಒಂದೇ ರೀತಿ ಕೇಳುವ ಬೇರುಗಳೂ ಹೀಗೆ ಮೋಸ ಮಾಡುತ್ತವೆ: ಪೆಡಲ್‌ನ ‘ಪೆಡ್’ ಲ್ಯಾಟಿನ್ನಿನ ಪಾದ. ಮಕ್ಕಳ ಡಾಕ್ಟರಾದ ಪೀಡಿಯಾಟ್ರಿಷಿಯನ್‌ನಲ್ಲಿರುವುದು ಗ್ರೀಕಿನ ಮಗು.

ಹಾಗಾಗಿ ಪದವನ್ನು ಬಿಡಿಸಿ ಅರ್ಥ ಊಹಿಸಿ, ಆಮೇಲೆ ತಪ್ಪದೆ ನಿಘಂಟು ನೋಡಿ. ಕೊಳ್ಳುವುದಾದರೆ ಪದದ ಮೂಲವನ್ನೂ ಕೊಡುವ ನಿಘಂಟನ್ನೇ ಕೊಳ್ಳಿ.