ಕಂದು ವರ್ಣದ ಪಾಠಾಂತರಗಳು: ಕತ್ತಲೆಕೋಣೆಯ ಟೋನಿಂಗ್ ಮತ್ತು ಅದರ ಡಿಜಿಟಲ್ ಮರುಸೃಷ್ಟಿ

ಕಪ್ಪು-ಬಿಳುಪು ಛಾಯಾಚಿತ್ರದ ಪ್ರತಿಗೆ ರಾಸಾಯನಿಕ ದ್ರಾವಣಗಳ ಮೂಲಕ ಬೇರೊಂದು ವರ್ಣಚ್ಛಾಯೆಯನ್ನು ನೀಡುವ ಕ್ರಿಯೆಗೆ ಟೋನಿಂಗ್ ಎಂದು ಹೆಸರು. ಕೈಪಿಡಿಗಳ ಸೂತ್ರಕ್ಕಿಂತ ಕೈಯ ಅನುಭವವನ್ನೇ ಹೆಚ್ಚಾಗಿ ನಂಬಿದ್ದ ಈ ಕುಶಲವಿದ್ಯೆ ಇಂದು ಗಣಕದ ಪರದೆಯ ಮೇಲೆ ಕ್ಷಣಮಾತ್ರದ ಕೆಲಸವಾಗಿದೆ. 1990ರಲ್ಲಿ ಫೋಟೋಶಾಪ್ ತಂತ್ರಾಂಶ ಬಿಡುಗಡೆಯಾದುದು ಮತ್ತು 2010ರಲ್ಲಿ ಇನ್‌ಸ್ಟಾಗ್ರಾಂ ತನ್ನ ಸಿದ್ಧ ಫಿಲ್ಟರುಗಳೊಡನೆ ಬಂದುದು ಈ ಪಲ್ಲಟದ ಎರಡು ಘಟ್ಟಗಳು. ಮರುಸೃಷ್ಟಿಯಲ್ಲಿ ಉಳಿದಿರುವುದು ಯಾವುದು, ಕಳೆದಿರುವುದು ಯಾವುದು ಎಂಬ ಪ್ರಶ್ನೆ ಕಲಾವಿಮರ್ಶೆಗೆ ಸೇರಿದಷ್ಟೇ ಜಾನಪದ ದಾಖಲಾತಿಗೂ ಸೇರಿದೆ.

ಮೊದಲಿಗೆ ಮೂಲಕ್ರಿಯೆಯ ಸ್ವರೂಪವನ್ನು ಗಮನಿಸಬೇಕು. ಸೆಪಿಯಾ ಟೋನಿಂಗಿನಲ್ಲಿ ಪ್ರತಿಯನ್ನು ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಪೊಟ್ಯಾಸಿಯಂ ಬ್ರೋಮೈಡ್ ದ್ರಾವಣದಲ್ಲಿ ಅದ್ದಿದಾಗ ಚಿತ್ರದ ಲೋಹರೂಪದ ಬೆಳ್ಳಿಯು ಬೆಳ್ಳಿಯ ಬ್ರೋಮೈಡ್ ಆಗಿ ಮಸುಳುತ್ತದೆ. ಅನಂತರ ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಅದು ಕಂದುಬಣ್ಣದ ಬೆಳ್ಳಿಯ ಸಲ್ಫೈಡ್ ಆಗಿ ಮರಳಿ ಮೂಡುತ್ತದೆ. ಈ ಸಂಯುಕ್ತವು ವಾತಾವರಣದ ಉತ್ಕರ್ಷಣಕಾರಿ ಅನಿಲಗಳನ್ನು ಶುದ್ಧ ಬೆಳ್ಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಸೆಲೆನಿಯಂ ಮತ್ತು ಚಿನ್ನದ ಟೋನಿಂಗಿನ ಹಿಂದೆಯೂ ಇದೇ ರಕ್ಷಣೆಯ ಆಶಯವಿತ್ತು. ಆದ್ದರಿಂದ ಬಣ್ಣವೆಂಬುದು ಇಲ್ಲಿ ಅಲಂಕಾರವಾಗಿರುವಂತೆಯೇ ಚಿತ್ರದ ಆಯುಷ್ಯವರ್ಧನೆಯ ಗುರುತೂ ಆಗಿದೆ. ಡಿಜಿಟಲ್ ಕಂದು ಈ ಗುರುತನ್ನು ಅನುಕರಿಸುತ್ತದೆಯೇ ಹೊರತು ಆಯುಷ್ಯವನ್ನು ಕೊಡುವುದಿಲ್ಲ. ಆಚರಣೆಯ ಆಕೃತಿ ಉಳಿದು ಕಾರ್ಯ ಅಳಿದುಹೋಗುವ ಸಂದರ್ಭಗಳು ಜಾನಪದ ಅಧ್ಯಯನಕ್ಕೆ ಅಪರಿಚಿತವೇನಲ್ಲ.

ಆಕೃತಿಯನ್ನಾದರೂ ನಿಷ್ಠೆಯಿಂದ ಮರುಸೃಷ್ಟಿಸಲಾಗಿದೆಯೇ ಎಂಬುದು ಮುಂದಿನ ಪ್ರಶ್ನೆ. ರಾಸಾಯನಿಕ ಟೋನಿಂಗ್ ಬೆಳ್ಳಿ ಇರುವ ಕಡೆ ಮಾತ್ರ ವರ್ತಿಸುತ್ತದೆ. ಬೆಳ್ಳಿಯಿಲ್ಲದ ಅಚ್ಚ ಬಿಳಿಯ ಭಾಗದಲ್ಲಿ ಕಾಗದದ ಬಿಳುಪು ಹಾಗೆಯೇ ಉಳಿಯುತ್ತದೆ. ಅಗ್ಗದ ಫಿಲ್ಟರುಗಳಾದರೋ ಇಡೀ ಚಿತ್ರವನ್ನು ಚಹಾದ ಕಷಾಯದಲ್ಲಿ ಅದ್ದಿದಂತೆ ಬಿಳುಪಿಗೂ ಬಣ್ಣ ಬಳಿಯುತ್ತವೆ. ಸೆಪಿಯಾಕ್ಕೆ ಪೂರ್ವದ ಬ್ಲೀಚ್ ಮೊದಲು ಬೆಳಕಿನ ಭಾಗಗಳನ್ನು ಹಿಡಿದು ಬಹಳ ತಡವಾಗಿ ಗಾಢ ನೆರಳುಗಳನ್ನು ಮುಟ್ಟುತ್ತದೆ. ಸೆಲೆನಿಯಂ ಇದಕ್ಕೆ ವಿರುದ್ಧವಾಗಿ ನೆರಳುಗಳಿಂದ ಆರಂಭಿಸಿ ಕಪ್ಪನ್ನು ಇನ್ನಷ್ಟು ಆಳವಾಗಿಸುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ ತಮ್ಮ ಪ್ರತಿಗಳಿಗೆ ಸೆಲೆನಿಯಂ ಬಳಸಿದ್ದಕ್ಕೆ ಈ ಆಳವೂ ಬಾಳಿಕೆಯೂ ಕಾರಣ. ಬೆಳಕು ಮತ್ತು ನೆರಳುಗಳಿಗೆ ಬೇರೆಬೇರೆ ವರ್ಣವನ್ನು ನೀಡುವ ಲೈಟ್‌ರೂಮ್ ತಂತ್ರಾಂಶದ ಸ್ಪ್ಲಿಟ್ ಟೋನಿಂಗ್ ಸೌಲಭ್ಯವು, 2020ರಲ್ಲಿ ಅದರ ಸ್ಥಾನಕ್ಕೆ ಬಂದ ಕಲರ್ ಗ್ರೇಡಿಂಗ್ ಸಹ, ಈ ವರ್ತನೆಗೆ ಹತ್ತಿರವಾಗಬಲ್ಲವು. ಆದರೆ ದ್ರಾವಣದಲ್ಲಿ ವರ್ಣದ ಜೊತೆಗೆ ಸಾಂದ್ರತೆಯೂ ಬದಲಾಗುತ್ತದೆ. ಆದುದರಿಂದ ಕರ್ವ್ಸ್ ಸಲಕರಣೆಯಿಂದ ಬೆಳಕು-ನೆರಳಿನ ಪ್ರಮಾಣವನ್ನೂ ತಿದ್ದಿದ ಮರುಸೃಷ್ಟಿಯಷ್ಟೇ ವಿಶ್ವಾಸಾರ್ಹವೆನಿಸುತ್ತದೆ. ರಸಾಯನದ ನಡೆಯನ್ನು ಅರಿಯದವನ ಕೈಯಲ್ಲಿ ತಂತ್ರಾಂಶವು ಬಣ್ಣದ ಡಬ್ಬಿ ಮಾತ್ರ.

ಇದಕ್ಕಿಂತ ಗಂಭೀರವಾದ ನಷ್ಟವೊಂದಿದೆ. ಹಳೆಯ ಛಾಯಾಚಿತ್ರಗಳ ಕಂದು ಒಂದೇ ಅಲ್ಲ. ಲವಣ ಕಾಗದದ ಪ್ರತಿಗಳು ಟೋನಿಂಗ್ ಇಲ್ಲದೆಯೂ ಕೆಂಗಂದಾಗಿರುತ್ತಿದ್ದವು. 1850ರಲ್ಲಿ ಬ್ಲಾಂಕಾರ್-ಎವ್ರಾರ್ ಪರಿಚಯಿಸಿದ ಆಲ್ಬುಮೆನ್ ಪ್ರತಿಗಳು ಚಿನ್ನದ ಸಂಸ್ಕಾರದಿಂದ ನೇರಳೆಗಂದು ಪಡೆಯುತ್ತಿದ್ದವು. ಸಲ್ಫೈಡಿನ ಕಂದು ಮತ್ತೊಂದು. ತೇವ ಮತ್ತು ಗಂಧಕದ ಹಾವಳಿಯಿಂದ ಮಾಸಿದ ಚಿತ್ರದ ಹಳದಿಗಂದು ಮಗದೊಂದು. ಮೊದಲನೆಯದು ಸ್ವಭಾವ, ನಡುವಿನ ಎರಡು ಸಂಸ್ಕಾರ, ಕೊನೆಯದು ರೋಗ. 'ಸೆಪಿಯಾ' ಎಂಬ ಒಂದೇ ಗುಂಡಿಯು ಈ ನಾಲ್ಕು ಚರಿತ್ರೆಗಳನ್ನು ಒಂದಾಗಿಸುತ್ತದೆ. ಒಂದು ಕಥನಗೀತೆಯ ಹತ್ತಾರು ಪಾಠಾಂತರಗಳನ್ನು ಬೆರೆಸಿ ಸಂಪಾದಕನು 'ಶುದ್ಧ ಪಾಠ'ವೊಂದನ್ನು ಕಟ್ಟಿದಾಗ ಆಗುವ ಅನಾಹುತವೇ ಇಲ್ಲಿಯೂ ಆಗುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಸ್ಮಾರಕಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಅಂತಹ ನೆಗೆಟಿವ್‌ನಿಂದ ಇಂದು ಡಿಜಿಟಲ್ ಪ್ರತಿಯೊಂದನ್ನು ತೆಗೆದರೆ ಅದರ ಕಂದು 1856ರದ್ದಲ್ಲ, ಪ್ರತಿ ತೆಗೆದವನ ವ್ಯಾಖ್ಯಾನ. ವ್ಯಾಖ್ಯಾನ ತಪ್ಪಲ್ಲ, ಅದನ್ನು ಮೂಲವೆಂದು ಮುಂದಿಡುವುದು ತಪ್ಪು.

ರಿಚರ್ಡ್ ಡಾರ್ಸನ್ 1950ರಲ್ಲಿ ಜಾನಪದದ ಹೆಸರಿನಲ್ಲಿ ಚಲಾವಣೆಯಾಗುವ ಕೃತಕ ಸೃಷ್ಟಿಗಳನ್ನು 'ಫೇಕ್‌ಲೋರ್' ಎಂದು ಖಂಡಿಸಿದರು. ಜರ್ಮನಿಯ ಹಾನ್ಸ್ ಮೋಸರ್ 1962ರಲ್ಲಿ, ಮೂಲ ಸನ್ನಿವೇಶದಿಂದ ಹೊರಬಂದು ಎರಡನೆಯ ಬದುಕು ಪಡೆಯುವ ಜನಪದ ಸಂಸ್ಕೃತಿಯನ್ನು 'ಫೋಕ್‌ಲೋರಿಸ್ಮಸ್' ಎಂಬ ಪರಿಕಲ್ಪನೆಯಡಿ ವಿವೇಚಿಸಿದರು. ಡಿಜಿಟಲ್ ಟೋನಿಂಗನ್ನು ಈ ಎರಡರಲ್ಲಿ ಯಾವುದಕ್ಕೆ ಸೇರಿಸಬೇಕೆಂಬುದು ಅದರ ಘೋಷಣೆಯನ್ನು ಅವಲಂಬಿಸಿದೆ. ಮರುಸೃಷ್ಟಿಯೆಂದು ಹೇಳಿಕೊಂಡಾಗ ಅದು ಕತ್ತಲೆಕೋಣೆಯ ಎರಡನೆಯ ಬದುಕು, ಮರೆಮಾಚಿದಾಗ ಹುಸಿ.

ಕ್ಷೇತ್ರಕಾರ್ಯದ ಚಿತ್ರಗಳಲ್ಲಿ ಈ ವಿವೇಚನೆ ಅನಿವಾರ್ಯ. ಈಚೆಗೆ ತೆಗೆದ ಯಕ್ಷಗಾನದ ಬಣ್ಣದ ವೇಷವೊಂದನ್ನು 'ಪಾರಂಪರಿಕ' ಕಳೆಗಾಗಿ ಕಂದಾಗಿಸಿದರೆ ಪಾತ್ರದ ಸ್ವಭಾವವನ್ನು ಸಾರುವ ಮುಖವರ್ಣಿಕೆಯೇ ಅಳಿಯುತ್ತದೆ, ಜೀವಂತ ಕಲೆಯು ಗತಕಾಲದ ಅವಶೇಷದಂತೆ ತೋರುತ್ತದೆ. ಮೂಲವನ್ನು ಕೆಡಿಸದೆ ಮೇಲ್ಪದರದಲ್ಲಿ ಬಣ್ಣವನ್ನಿಡುವ, ಬೇಡವೆಂದಾಗ ತೆಗೆದುಬಿಡುವ ಅವಕಾಶ ಕತ್ತಲೆಕೋಣೆಗೆ ಇರಲಿಲ್ಲ, ಡಿಜಿಟಲ್ ಮಾಧ್ಯಮಕ್ಕಿದೆ. ಸಂಸ್ಕರಿಸದ ಮೂಲಕಡತವನ್ನು ಕಾಯ್ದಿರಿಸುವುದು, ಚಿತ್ರ ತೆಗೆದ ವರ್ಷ ಹಾಗೂ ವರ್ಣ ಬದಲಿಸಿದ ವರ್ಷಗಳೆರಡನ್ನೂ ಅಡಿಬರಹದಲ್ಲಿ ನಮೂದಿಸುವುದು ದಾಖಲಾತಿ ಕೇಂದ್ರಗಳ ಕನಿಷ್ಠ ಶಿಸ್ತಾಗಬೇಕು. ಹಳೆಯ ಕುಶಲಕರ್ಮಿ ಬಣ್ಣವಿತ್ತು ಚಿತ್ರವನ್ನು ಕಾಪಾಡಿದನು. ಬಣ್ಣದ ಕಥೆಯನ್ನು ಕಾಪಾಡುವ ಹೊಣೆ ಇಂದಿನ ಸಂಶೋಧಕನದು.