ಮಂಗಳೂರಿನ ಬಂದರೂ ಬೊಮ್ಮನ ಹೆಸರೂ

ಮಂಗಳೂರಿನ ಪ್ರಾಚೀನ ನೌಕಾವ್ಯಾಪಾರವನ್ನು ಕುರಿತ ಬರೆಹಗಳಲ್ಲಿ ಅಮಿತಾವ ಘೋಷರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ (1992) ಎಂಬ ಆಂಗ್ಲಗ್ರಂಥಕ್ಕೆ ವಿಶಿಷ್ಟವಾದ ಸ್ಥಾನವುಂಟು. ಕೈರೋ ನಗರದ ಬೆನ್ ಎಜ್ರಾ ಯೆಹೂದ್ಯಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದುಬಂದ ಓಲೆಗಳನ್ನು ಆಧಾರವಾಗಿಟ್ಟುಕೊಂಡು, ಸುಮಾರು 1132ರಿಂದ 1149ರ ವರೆಗೆ ಮಂಗಳೂರಿನಲ್ಲಿ ನೆಲಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಜೀವನವನ್ನೂ, ಅವನ ಆಳಾಗಿದ್ದ ಬೊಮ್ಮನ ವೃತ್ತಾಂತವನ್ನೂ ಗ್ರಂಥಕರ್ತರು ಪುನರ್ನಿರ್ಮಿಸಿದ್ದಾರೆ. ಏಡನ್ನಿಗೆ ಹೋಗಿ ಅಲ್ಲಿ ಕುಡಿದು ಗದ್ದಲವೆಬ್ಬಿಸಿದ ಈ ಆಳು, ಮುಂದಿನ ಓಲೆಗಳಲ್ಲಿ ‘ಶೇಖ್’ ಎಂಬ ಗೌರವಪದಕ್ಕೆ ಪಾತ್ರನಾಗುತ್ತಾನೆ. ಅರಸರ ಹೆಸರುಗಳಿಂದಲೇ ತುಂಬಿದ ಚರಿತ್ರೆಯಲ್ಲಿ ಒಬ್ಬ ಆಳಿಗೆ ಇಷ್ಟು ಸ್ಥಳ ದೊರಕಿಸಿದುದು ಘೋಷರ ಶ್ಲಾಘ್ಯವಾದ ಸಾಧನೆ.

ಆದರೆ ಈ ಗ್ರಂಥದ ಮಂಗಳೂರು ಪಡುವಣಕ್ಕೆ ಮುಖಮಾಡಿ ನಿಂತ ಊರು. ಅದರ ಬೆನ್ನಿಗಿರುವ ಮಲೆ ಮಂಜಿನಲ್ಲಿಯೇ ಉಳಿದಿದೆ. ಬೆನ್ ಯಿಜು ಏಡನ್ನಿನ ಪಾಲುಗಾರರಿಗೆ ಕಳುಹಿಸುತ್ತಿದ್ದ ಸರಕುಗಳಲ್ಲಿ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳು ಮುಖ್ಯವಾದುವು. ಏಲಕ್ಕಿ ಕಡಲತೀರದ ಮರಳಿನಲ್ಲಿ ಬೆಳೆಯುವುದಲ್ಲ. ಅದು ಘಟ್ಟದ ತಂಪಿನ, ನೆರಳಿನ, ಮಳೆಯ ಬೆಳೆ. ಸಕಲೇಶಪುರದ ಸೀಮೆಯಲ್ಲಿ ಹುಟ್ಟುವ ಕೆಂಪುಹೊಳೆ, ಎತ್ತಿನಹೊಳೆಗಳ ನೀರು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಮಂಗಳೂರಿನ ಅಳಿವೆಗೆ ಇಳಿಯುತ್ತದೆ. ಅದೇ ಸೀಮೆಯ ಹೇಮಾವತಿಯಾದರೋ ಮೂಡಣಕ್ಕೆ ತಿರುಗಿ ಕಾವೇರಿಯನ್ನು ಸೇರುತ್ತದೆ. ಹಳೆಯ ಬಂದರಿನ ಬಾಯನ್ನು ಕಟ್ಟಿ, ದೊಡ್ಡ ಹಡಗುಗಳನ್ನು ಹೊರಗಡಲಲ್ಲಿಯೇ ನಿಲ್ಲಿಸುತ್ತಿದ್ದ ಮರಳದಿಣ್ಣೆಗೆ ಈ ಹೊಳೆಗಳ ಹೂಳೂ ಸೇರಿದೆ. ಮಲೆಯನ್ನು ಬಿಟ್ಟು ಬಂದರನ್ನು ವರ್ಣಿಸುವುದು ಬೇರನ್ನು ಬಿಟ್ಟು ಮರವನ್ನು ವರ್ಣಿಸಿದಂತೆ.

ಈ ಕೊರತೆಯ ಫಲವು ಬೊಮ್ಮನ ಮೂಲವನ್ನು ನಿರ್ಣಯಿಸುವಲ್ಲಿ ಎದ್ದು ತೋರುತ್ತದೆ. ಸ್ವರವಿಲ್ಲದ ಅಕ್ಷರಗಳಲ್ಲಿ ಬರೆದ ಆ ಹೆಸರನ್ನು ಎಸ್. ಡಿ. ಗೊಯ್ಟೈನರು ‘ಬಾಮಾ’ ಎಂದು ಓದಿದ್ದರು. ಘೋಷರು ಬಿ. ಎ. ವಿವೇಕ ರೈ ಅವರ ನೆರವಿನಿಂದ ‘ಬೊಮ್ಮ’ ಎಂದು ತಿದ್ದಿದುದು ಭಾಷಾಶಾಸ್ತ್ರಕ್ಕೆ ಸಮ್ಮತವಾದುದೇ ಸರಿ. ಅಲ್ಲಿಂದ ಮುಂದೆ, ತುಳುವರ ಬೆರ್ಮೆರ ಆರಾಧನೆಯನ್ನು ನೆನೆದು, ಬೊಮ್ಮನು ತುಳುನಾಡಿನ ಅಳಿಯಸಂತಾನದ ಕುಲಗಳಲ್ಲೊಂದರಲ್ಲಿ ಹುಟ್ಟಿರಬಹುದೆಂದು ಅವರು ಊಹಿಸುತ್ತಾರೆ. ಇಲ್ಲಿ ಊಹೆಯ ಹೆಜ್ಜೆ ಅವಸರದ್ದು. ‘ಬ್ರಹ್ಮ’ ಶಬ್ದದ ತದ್ಭವವಾದ ಬೊಮ್ಮ, ಬಮ್ಮಗಳು ಘಟ್ಟದ ಮೇಲೆಯೂ ಹಬ್ಬಿದ ಹೆಸರುಗಳು, 1902ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟದ ಓದುಗರಿಗೆ ಬಮ್ಮೋಜ, ಬೊಮ್ಮಯ್ಯರು ಅಪರಿಚಿತರಲ್ಲ. ಸಕಲೇಶಪುರ, ಆಲೂರುಗಳ ನೆರೆಯ ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ದೇವರನ್ನು ಪ್ರತಿಷ್ಠಿಸಿದ ಹದಿನೈದು ವರ್ಷಗಳಲ್ಲಿಯೇ ಬೆನ್ ಯಿಜು ಮಂಗಳೂರಿನಲ್ಲಿದ್ದನು. ‘ಮಲೆಪರೊಳ್ ಗಂಡ’ರೆನಿಸಿದ ಹೊಯ್ಸಳರ ನಾಡಿನಿಂದ ಆಳೊಬ್ಬನು ಸರಕಿನೊಡನೆ ಕೆಳಗಿಳಿದಿರಲಾರನೆ? ಇಳಿದನೆಂದು ಸಾಧಿಸಲು ಆಧಾರವಿಲ್ಲ. ಇಳಿಯಲಿಲ್ಲವೆಂದು ಹೆಸರೊಂದರ ಬಲದಿಂದ ಬಾಗಿಲು ಮುಚ್ಚುವುದೂ ಯುಕ್ತವಲ್ಲ.

ಬಂದರನ್ನು ಆಳಿದವರು ಈ ನಂಟನ್ನು ಚೆನ್ನಾಗಿ ಬಲ್ಲವರಾಗಿದ್ದರು. ಟಿಪ್ಪು ಸುಲ್ತಾನನು ಸಕಲೇಶಪುರದ ಬಳಿ, ಕರಾವಳಿಗಿಳಿಯುವ ದಾರಿಯ ಮೇಲೆ, ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು 1792ರಲ್ಲಿ ಕಟ್ಟಿಸಿದನು. 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ಬಲಂ ಸೀಮೆಯ ಪಾಳೆಯಗಾರನ ಮೇಲೆ ದಂಡೆತ್ತಿ ಬಂದು ಅವನನ್ನು ಗಲ್ಲಿಗೇರಿಸಿದುದಕ್ಕೆ ಬಿಸಿಲೆ ಘಟ್ಟದ ಮಾರ್ಗವೂ ಒಂದು ಕಾರಣ. ಕಾಫಿಯ ಕಾಲ ಬಂದಮೇಲೆ ಈ ಬೆಟ್ಟಗಳ ಬೀಜವು ಮಂಗಳೂರಿನ ಸಂಸ್ಕರಣಶಾಲೆಗಳಿಗೆ ಇಳಿಯಿತು. ಹಾಯಿಹಡಗಿನ ತಿಂಗಳುಗಟ್ಟಲೆಯ ಪ್ರಯಾಣದಲ್ಲಿ ತೇವ ಹೀರಿ ಹಳದಿಗೊಂಡ ಕಾಫಿಗೆ ಯೂರೋಪಿನವರ ನಾಲಗೆ ಒಗ್ಗಿಹೋಗಿತ್ತು. ಪ್ರಯಾಣ ಚಿಕ್ಕದಾದ ಬಳಿಕ ಅದೇ ರುಚಿಗಾಗಿ ಬೀಜವನ್ನು ಕರಾವಳಿಯ ಮುಂಗಾರಿನ ಗಾಳಿಗೆ ಹರಡಿ ಹದಮಾಡುವ ಪದ್ಧತಿ ಬೆಳೆಯಿತೆಂಬುದು ಸ್ವಾರಸ್ಯಕರ. ಕಡಲು ಮಲೆಯ ಬೆಳೆಗೆ ತನ್ನ ರುಚಿಯನ್ನೂ ಹಚ್ಚಿತು.

ಘೋಷರು ಬೊಬ್ಬರ್ಯನನ್ನು, ಎಂದರೆ ಭೂತವಾಗಿ ಪೂಜೆಗೊಳ್ಳುವ ಮುಸಲ್ಮಾನ ನಾವಿಕನನ್ನು, ಕುರಿತು ಬರೆದಿರುವ ಪುಟಗಳು ಗ್ರಂಥದಲ್ಲಿ ಅತ್ಯುತ್ತಮವಾದುವು. ಕಡಲಿನಿಂದ ಬಂದವನನ್ನು ನಾಡು ತನ್ನವನನ್ನಾಗಿ ಮಾಡಿಕೊಂಡ ಬಗೆಯನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಲೇಖಕರು, ಘಟ್ಟದಿಂದ ಇಳಿದುಬಂದ ಎತ್ತಿನ ಹೇರುಗಳ ಕಡೆಗೂ ಒಮ್ಮೆ ತಿರುಗಿ ನೋಡಿದ್ದರೆ, ಬೊಮ್ಮನಿಗೆ ಒಂದರ ಬದಲು ಎರಡು ತವರುಗಳು ಸಂಭವನೀಯವಾಗುತ್ತಿದ್ದುವು.